ಉಪಚಾರಕ್ಕೆ ಕೊಟ್ಟ ಸಿಂಹಾಸನ

ಕೇವಾನ್ ಶಾಹ ಸಿಂಹಾಸನ ಕಳೆದುಕೊಂಡದ್ದು ಯುದ್ಧದಲ್ಲಲ್ಲ, ವಿಷದಿಂದಲ್ಲ, ಮಂತ್ರಿಗಳ ಸಂಚಿನಿಂದಲೂ ಅಲ್ಲ. ಒಂದು ಉಪಚಾರದ ಮಾತಿನಿಂದ. ದರ್ಬಾರಿನ ಚರಿತ್ರೆಕಾರರು ಅದನ್ನು ಹೇಗೆ ತಿದ್ದಿ ಬರೆದುಕೊಂಡರೋ ಆ ಅಲ್ಲಾಹನಿಗೇ ಗೊತ್ತು. ಅವನ ಹೆಂಡತಿ ಗುಲಂದಾಮ್ ಖಾನಂ ಮಾತ್ರ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದಳು. ಸೌತೆಕಾಯಿ ಹೆಚ್ಚುವಾಗ, ಗುಲಾಬಿ ದಳ ಒಣಹಾಕುವಾಗ, ಗಂಡ ಯಾರಿಗಾದರೂ ಅಂಗಿ ಕೊಟ್ಟು ಬರಿಮೈಯಲ್ಲಿ ಮನೆಗೆ ಬಂದಾಗ ಅವಳಿಗೆ ಆ ಕಥೆ ತಪ್ಪದೆ ನೆನಪಾಗುತ್ತಿತ್ತು.

ಅದು ನೌರೋಜ್ ಹಬ್ಬದ ದರ್ಬಾರು. ಖೊರಾಸಾನಿನ ಗಡಿಯಲ್ಲಿ ಶತ್ರುಗಳನ್ನು ಓಡಿಸಿ ಕೇವಾನನ ಮಲತಮ್ಮ ಹೂಶಂಗ್ ಮಿರ್ಜಾ ಇಸ್ಫಹಾನಿಗೆ ಬಂದಿದ್ದ. ಗಡಿಯ ಡೇರೆಗಳಲ್ಲೇ ಹುಟ್ಟಿ, ಕುದುರೆಯ ಬೆನ್ನಮೇಲೇ ಮೀಸೆ ಬಂದವನು. ಅರಮನೆಯನ್ನು ಸರಿಯಾಗಿ ನೋಡಿದ್ದೇ ಅವತ್ತು. ಸಿಂಹಾಸನದ ಮುಂದೆ ನಿಂತು ಕಣ್ಣರಳಿಸಿ, "ಅಣ್ಣಾ, ಎಂಥಾ ಸಿಂಹಾಸನ ಇದು! ನೋಡ್ತಾ ಇದ್ರೆ ಹೊಟ್ಟೆ ತುಂಬುತ್ತೆ," ಎಂದ.

ಕೇವಾನ್ ಶಾಹ ಎದ್ದುನಿಂತು ಎದೆಯ ಮೇಲೆ ಕೈಯಿಟ್ಟುಕೊಂಡ. "ಪೇಶ್‌ಕಶ್, ತಮ್ಮಾ. ನಿನ್ನ ಯೋಗ್ಯತೆಗೆ ಇದೇನು ಮಹಾ," ಎಂದ.

ಕಂಬಳಿಯನ್ನು ಹೊಗಳಿದರೆ ಕಂಬಳಿ, ಬೆಕ್ಕನ್ನು ಹೊಗಳಿದರೆ ಬೆಕ್ಕು. 'ಪೇಶ್‌ಕಶ್, ನಿಮ್ಮದೇ ತಗೊಳ್ಳಿ' ಎನ್ನದ ಇರಾನಿ ಇನ್ನೂ ಹುಟ್ಟಿಲ್ಲ. 'ಅಯ್ಯೋ, ಒಡೆಯರ ಹತ್ತಿರವೇ ಚೆಂದ' ಎಂದು ಮೂರು ಸಲ ತಿರುಗಿಸದ ಅತಿಥಿಯೂ ಹುಟ್ಟಿಲ್ಲ. ಹೂಶಂಗ್ ಮಿರ್ಜಾ ಒಬ್ಬ ಹುಟ್ಟಿದ್ದ. ಅವನು ಅಣ್ಣನ ಕೈಗೆ ಮುತ್ತಿಟ್ಟು, ಮೆಟ್ಟಿಲು ಹತ್ತಿ, ಸಿಂಹಾಸನದ ಮೇಲೆ ಕುಳಿತುಬಿಟ್ಟ.

ದರ್ಬಾರು ಗೊಳ್ಳೆಂದು ನಕ್ಕಿತು. ನಕ್ಕು ನಕ್ಕು ನೋಡಿದರೆ ಮನುಷ್ಯ ಏಳಲಿಲ್ಲ. ಹೊರಗೆ ಮೈದಾನದ ತುಂಬ ಅವನ ಸೈನ್ಯ ನಿಂತಿತ್ತು. ನಗು ಒಂದೊಂದೇ ಮುಖದಿಂದ ಇಳಿಯಿತು. ಕೊನೆಗೆ ಮುಖ್ಯ ಕಾಜಿಗಳು ಗಂಟಲು ಸರಿಮಾಡಿಕೊಂಡು, ಕೊಟ್ಟ ಮಾತನ್ನು ತಾವೆಲ್ಲ ಕಿವಿಯಾರೆ ಕೇಳಿರುವುದಾಗಿ ಹೇಳಿದರು. ಜಾಲಂಧ್ರದ ಹಿಂದೆ ಕುಳಿತಿದ್ದ ಗುಲಂದಾಮ್ ನೋಡನೋಡುತ್ತಿದ್ದಂತೆ ಅವಳ ಗಂಡ ಬಾಗಿಲ ಬಳಿ ಹೋಗಿ, ತನ್ನ ಪಾದರಕ್ಷೆ ಹುಡುಕಿ ಮೆಟ್ಟಿಕೊಂಡು, ಹೊರಗೆ ನಡೆದುಬಿಟ್ಟ.

"ಅತಿಥಿ ಕೂತ ಮೇಲೆ ಏಳು ಅನ್ನೋಕಾಗುತ್ತೇನೇ?" ಎಂದು ಆಮೇಲೆ ಅವಳನ್ನೇ ಕೇಳಿದ. "ಪಾಪ, ಅದು ಬಾಯಿಮಾತು ಅಂತ ಅವನಿಗೆ ಗೊತ್ತಿರಲಿಲ್ಲ," ಎಂದು ಎಷ್ಟು ಹೇಳಿದರೂ ಅವಳು ನಂಬಲಿಲ್ಲ.

ಇಳಿದ ಅರಸನ ಕಣ್ಣಿಗೆ ಕಾದ ಸೂಜಿ ಎಳೆಯುವುದು ಆ ನಾಡಿನ ಹಳೆಯ ಪದ್ಧತಿ. ಹೂಶಂಗ್ ಹಾಗೆ ಮಾಡಲಿಲ್ಲ. ಕಾಶಾನಿನಾಚೆ ಬೆಟ್ಟದ ಬುಡದಲ್ಲಿರುವ ಚಶ್ಮೆಸಾರ್ ಎಂಬ ಹಳ್ಳಿಯಲ್ಲಿ, ಗೋಡೆ ಬಿದ್ದ ಒಂದು ಹಳೆಯ ತೋಟವನ್ನು ಅಣ್ಣನಿಗೆ ಕೊಟ್ಟು ಕಳಿಸಿದ.

ಆಳಿದಷ್ಟು ದಿನ ಕೇವಾನ್ ಶಾಹ ಹೇಗೆ ಆಳಿದ ಎಂದರೆ, ಮುದುಕರನ್ನು ನಿಲ್ಲಿಸಿ ಮಾತಾಡಿಸಲು ಸಂಕೋಚವಾಗಿ ತಾನೇ ನೆಲಕ್ಕಿಳಿದು ಕೂತು ಅಹವಾಲು ಕೇಳಿದ. ಕುದುರೆ ಕದ್ದವನನ್ನು ತಂದು ನಿಲ್ಲಿಸಿದರೆ ಕುದುರೆಯ ಗುಣ ವಿಚಾರಿಸಿ, ಕಡೆಗೆ ಇನ್ನೊಂದು ಕುದುರೆ ಕೊಡಿಸಿ ಕಳಿಸಿದ. ಇಸ್ಫಹಾನಿನ ದಾರಿಯುದ್ದಕ್ಕೂ ಚಿನಾರ್ ಮರ ನೆಡಿಸಿದ, ಹೇಸರಗತ್ತೆಗಳಿಗೆ ನೆರಳಾಗಲೆಂದು. "ಹುಜೂರ್, ಖಡ್ಗ ತುಕ್ಕು ಹಿಡೀತಿದೆ," ಎಂದು ವಜೀರ ಗೋಳಿಟ್ಟರೆ, "ಎಣ್ಣೆ ಹಚ್ಚಿ ಇಡಪ್ಪ," ಎನ್ನುತ್ತಿದ್ದ. ಅಂಥವನಿಗೆ ಗುದ್ದಲಿ ಕೈಗೆ ಸಿಕ್ಕಾಗ, ಇಷ್ಟು ದಿನ ಇದೆಲ್ಲಿತ್ತು ಎನ್ನುವಂತೆ ಹಿಡಿದ. ಗೋಡೆ ಎದ್ದಿತು. ಬೆಟ್ಟದಿಂದ ನೀರು ತರುವ ನೆಲದೊಳಗಿನ ಸುರಂಗದ ಹೂಳು ತೆಗೆಸಿದ ಮೇಲೆ ನೀರು ಬಂತು. ನೀರು ಬಂದಲ್ಲಿ ದಾಳಿಂಬೆ ಬಂತು, ಗುಲಾಬಿ ಬಂತು, ಸೇಬಿನ ಜಾತಿಯ ಬಿಹಿ ಹಣ್ಣಿನ ಸಾಲು ಬಂತು. ಶರತ್ಕಾಲದಲ್ಲಿ ಬಿಹಿ ಹಣ್ಣಾದರೆ ಚಶ್ಮೆಸಾರಿನ ದಾರಿಗೆ ಬರುವಾಗಲೇ ಪರಿಮಳ ಎದುರಿಗೆ ಬಂದು ಕರೆದೊಯ್ಯುತ್ತಿತ್ತು.

ಶುಕ್ರವಾರ ನಮಾಜು ಮುಗಿದ ಮೇಲೆ ಊರವರೆಲ್ಲ ತೋಟದ ಕೊಳದ ಸುತ್ತ ಬಂದು ಕೂರುವರು. ಕೇವಾನ್ ಚಿಕ್ಕಂದಿನಲ್ಲಿ ಕೇಳಿ ಕಲಿತ ಪದ್ಯಗಳನ್ನು ರಾಗವಾಗಿ ಹೇಳುವನು. ಅಕ್ಷರ ಬಾರದ ಕುರಿಗಾಹಿಗಳು ಅರ್ಧ ಪದ್ಯ ಮುಗಿಯುವ ಮೊದಲೇ ಉಳಿದರ್ಧ ಎತ್ತಿಕೊಳ್ಳುವರು. ಗುಲಂದಾಮ್ ಹಿಪ್ಪುನೇರಳೆ ಮರದ ಕೆಳಗೆ ಕಣ್ಣುಮುಚ್ಚಿ ಕೇಳುವಳು. ಪದ್ಯ ಕಿವಿಗೆ ಬೀಳುತ್ತಾ, ನೀರು ಪಕ್ಕದಲ್ಲಿ ಹರಿಯುತ್ತಾ, ಕರೆಯುವವರು ಯಾರೂ ಇಲ್ಲದೆ ಕೂರುವ ಆ ಹೊತ್ತನ್ನು ಅವಳು ಯಾವ ಅರಮನೆಯಲ್ಲೂ ಕಂಡಿರಲಿಲ್ಲ. ಗಂಡನ ಮುಂದೆ ಮಾತ್ರ ಅದನ್ನು ಒಪ್ಪಿಕೊಂಡವಳಲ್ಲ.

ಹೀಗಿರುವಾಗ ಒಂದು ಬೆಳಿಗ್ಗೆ ಊರ ಯಜಮಾನ ನಜಫ್‌ಕುಲಿ ಏದುಸಿರು ಬಿಡುತ್ತಾ ಬಂದ. ಗುಲಂದಾಮ್ ಅಡುಗೆಯ ಮುದುಕಿ ಸಕೀನೆಯ ಜೊತೆ ಬಿಹಿ ಹಣ್ಣಿನ ಮೇಲಿನ ತುಪ್ಪುಳ ಒರೆಸುತ್ತಾ ಕೂತಿದ್ದಳು.

"ಖಾನಂ, ಶಾಹ ಬರ್ತಿದಾರೆ! ಕುಮ್‌ನಲ್ಲಿ ದರ್ಗಾ ದರ್ಶನ ಮುಗ್ಸಿ ವಾಪಸ್ ಹೋಗ್ತಾ, ನಾಳೆ ಮಧ್ಯಾಹ್ನದ ಊಟಕ್ಕೆ ನಿಮ್ಮಲ್ಲಿ ಇಳೀತಾರಂತೆ. ಸವಾರ ಬಂದು ಹೇಳಿ ಹೋದ."

"ಯಾವ ಶಾಹ?"

"ಎಷ್ಟು ಜನ ಇದಾರೆ ಖಾನಂ? ನಿಮ್ಮ ಮೈದುನ."

ಗುಲಂದಾಮಳ ಕೈಯಲ್ಲಿದ್ದ ಹಣ್ಣು ಬುಟ್ಟಿಗೆ ಬಿತ್ತು. "ತೋಟ ಹೋಯ್ತು," ಎಂದಳು.

"ಹೋಗೋಕೆ ತೋಟಕ್ಕೇನು ಕಾಲಿದ್ಯಾ?" ಎಂದಳು ಸಕೀನೆ.

"ತೋಟಕ್ಕೆ ಕಾಲಿಲ್ಲ, ನನ್ನ ಗಂಡನಿಗೆ ನಾಲಿಗೆ ಇದೆ. ಅವನು ಬಂದು 'ಚೆನ್ನಾಗಿದೆ' ಅಂತಾನೆ. ಇವರು 'ಪೇಶ್‌ಕಶ್' ಅಂತಾರೆ. ಅವನು ಕೂತ್ಕೋತಾನೆ. ಇವರು ಚಪ್ಪಲಿ ಹುಡುಕ್ತಾರೆ. ಅವತ್ತು ಕಣ್ಣಾರೆ ನೋಡಿದೀನಿ ಕಣೇ. ಸಿಂಹಾಸನ ಕೊಟ್ಟೋರಿಗೆ ತೋಟ ಯಾವ ಲೆಕ್ಕ?"

"ಹಾಗಾದ್ರೆ ಬಾಬಾ ಅವರ ಬಾಯಿ ಕಟ್ಟಬೇಕು," ಎಂದ ನಜಫ್‌ಕುಲಿ. ಊರಲ್ಲಿ ಎಲ್ಲರೂ ಕೇವಾನನನ್ನು ಬಾಬಾ ಎಂದೇ ಕರೆಯುತ್ತಿದ್ದದ್ದು.

"ಅವರ ಬಾಯಿ ಕಟ್ಟೋಕೆ ಅವರಮ್ಮನ ಕೈಲೂ ಆಗ್ಲಿಲ್ಲ." ಗುಲಂದಾಮ್ ಒಂದು ಗಳಿಗೆ ಯೋಚಿಸಿದಳು. "ಹೊಗಳೋಕೆ ಏನೂ ಸಿಗಬಾರದು, ನಜಫ್‌ಕುಲಿ. ನೋಡಿದ್ರೆ ಮೂಗು ಮುಚ್ಚಿಕೊಂಡು ಹೋಗ್ಬೇಕು."

ನಜಫ್‌ಕುಲಿಯ ಮುಖ ಹಬ್ಬದ ಮುಖವಾಯಿತು. "ಅದನ್ನ ನಮಗೆ ಬಿಡಿ. ತೋಟ ಮಾಡೋದು ಕಷ್ಟ. ಹಾಳು ಮಾಡೋಕೆ ನಮ್ಮೂರಲ್ಲಿ ಬೇಕಾದಷ್ಟು ಜನ ಇದಾರೆ."

ಅವತ್ತು ಕೇವಾನ್ ಬೆಟ್ಟದ ಮೇಲೆ ಸುರಂಗದ ಬಾಯಿ ಶುಚಿಮಾಡುವವರ ಜೊತೆ ಹೋಗಿದ್ದ. ಊರಿಗೆ ಊರೇ ತೋಟಕ್ಕೆ ಇಳಿಯಿತು. ಕಾಲುವೆಗೆ ಮಣ್ಣು ಹಾಕಿ ನೀರು ನಿಲ್ಲಿಸಿದರು. ಕೊಳ ಇಳಿದು ತಳದ ಪಾಚಿ ಕಂಡಿತು. ಗುಲಾಬಿ ಪೊದೆಗಳ ಮೇಲೆ ಹಳೆಯ ಕಂಬಳಿ ಹೊದೆಸಿದರು. ದಾಳಿಂಬೆಗಳ ನಡುವೆ ಕತ್ತೆ ಕಟ್ಟಿದರು. ಕತ್ತೆಗಳೂ ಊರಿನ ಉಪ್ಪು ತಿಂದವೇ ಆದ್ದರಿಂದ ತಮ್ಮ ಪಾಲಿನ ಕೆಲಸವನ್ನು ಧಾರಾಳವಾಗಿಯೇ ಮಾಡಿದವು. ಗುಲಂದಾಮ್ ನಡುವೆ ನಿಂತು, "ಇನ್ನೊಂದು ಬುಟ್ಟಿ ಲದ್ದಿ ಇಲ್ಲಿ ಸುರೀರಿ," ಎನ್ನುತ್ತಿದ್ದಳು. ಎನ್ನುತ್ತಲೇ ಬೇರೆ ಕಡೆ ಮುಖ ತಿರುಗಿಸಿಕೊಳ್ಳುತ್ತಿದ್ದಳು.

ಇಳಿಹೊತ್ತಿಗೆ ಕೇವಾನ್ ಬಂದ. ಬಾಗಿಲಲ್ಲೇ ನಿಂತು ಮೂಗೆತ್ತಿದ. "ಯಾ ಅಲ್ಲಾ! ಭೂಕಂಪ ಆಯ್ತಾ?"

ಗುಲಂದಾಮ್ ಎಲ್ಲವನ್ನೂ ಹೇಳಿದಳು. ಅವನು ನಕ್ಕ, ನಗು ತಡೆಯಲಾರದೆ ಕೊಳದ ಕಟ್ಟೆಯ ಮೇಲೆ ಕೂತ. ಆಮೇಲೆ ಕಣ್ಣೊರೆಸಿಕೊಂಡು ಮೆಲ್ಲಗೆ, "ಗುಲಂದಾಮ್, ಅತಿಥಿ ದೇವರ ಸ್ನೇಹಿತ ಅಂತಾರೆ. ದೇವರ ಸ್ನೇಹಿತನಿಗೆ ಲದ್ದಿ ತೋರಿಸೋದಾ?" ಎಂದ.

"ತಗೊಂಡುಬಿಟ್ರೆ?"

"ತಗೊಂಡ್ರೆ ಇನ್ನೊಂದು ಕಡೆ ನೆಟ್ಟರಾಯ್ತು."

"ನನಗೆ ವಯಸ್ಸಾಯ್ತು ರೀ," ಎಂದಳು ಅವಳು. ಈ ಸಲ ಧ್ವನಿಯಲ್ಲಿ ಜಗಳವಿರಲಿಲ್ಲ. "ಇನ್ನೊಂದು ಗಿಡ ಫಲ ಬಿಡೋವರೆಗೆ ನಾನಿರ್ತೀನೋ ಇಲ್ವೋ. ಸಿಂಹಾಸನ ಹೋದಾಗ ಅತ್ತೆ, ನಿಜ. ಈ ತೋಟ ಹೋದ್ರೆ ಅಳೋಕೂ ನನಗೆ ಶಕ್ತಿ ಇಲ್ಲ."

ಹೆಂಡತಿ ಹೀಗೆ ಮಾತಾಡಿದ್ದು ಇದೇ ಮೊದಲು.

ಆದರೂ ಮರುದಿನ ಬೆಳಗಿನ ನಮಾಜು ಮುಗಿದದ್ದೇ ಅವನು ಗುದ್ದಲಿ ಹಿಡಿದು ಕಾಲುವೆಯ ಮಣ್ಣು ತೆಗೆದ. ನೀರು ಮೊದಲು ಕೆಮ್ಮಿತು, ಆಮೇಲೆ ಹರಿಯಿತು. ಕತ್ತೆಗಳನ್ನು ಬಿಚ್ಚಿ, ಕಂಬಳಿಗಳನ್ನು ಎಳೆದು ಹಾಕಿದ. ಗುಲಂದಾಮ್ ಸೊಂಟದ ಮೇಲೆ ಕೈಯಿಟ್ಟು ಜಗಲಿಯಿಂದ ನೋಡಿದಳು. ಬೈಯಬೇಕೆಂದೇ ಕೆಳಗಿಳಿದಳು. ಆದರೆ ಕೊಳದಲ್ಲಿ ನೀರು ಏರಿ ಅದರೊಳಗೆ ಮರಗಳು ತಲೆಕೆಳಗಾಗಿ ಒಂದೊಂದೇ ಬಂದು ನಿಲ್ಲುವುದನ್ನು ಕಂಡಳು. ಹಾಳುಬಿದ್ದ ತೋಟವನ್ನು ಉಳಿಸಿಕೊಂಡು ತಾನಾದರೂ ಏನು ಮಾಡಬೇಕು ಎನ್ನಿಸಿತು. ಬೈಗುಳ ನುಂಗಿ ಪೊರಕೆ ಹಿಡಿದಳು.

"ಒಂದು ಮಾತು ಕೊಡಿ. ಅವನು ಏನೇ ಹೊಗಳಿದ್ರೂ ನೀವು ತುಟಿ ಬಿಚ್ಚಬಾರದು."

"ಪ್ರಯತ್ನ ಮಾಡ್ತೀನಿ."

"ಪ್ರಯತ್ನ ಅಂತೆ!" ಎಂದು ಅವಳು ಅವನ ಕಾಲ ಬಳಿ ಜೋರಾಗಿ ಗುಡಿಸಿದಳು.

ಮಧ್ಯಾಹ್ನ ಹೂಶಂಗ್ ಶಾಹ ಬಂದ. ಜೊತೆಗೆ ಒಬ್ಬ ದಳವಾಯಿ, ಹಿಂದೆ ಸವಾರರು, ಊಟ ರುಚಿ ನೋಡಿ ವಿಷವಿಲ್ಲವೆಂದು ಹೇಳುವ ಒಬ್ಬ ಸಣಕಲ ಮನುಷ್ಯ. ಗುಲಂದಾಮ್ ನೆನಪಿಟ್ಟುಕೊಂಡಿದ್ದ ಅಗಲ ಎದೆಯ ಸವಾರ ಅವನಾಗಿರಲಿಲ್ಲ. ಕಣ್ಣು ಗುಳಿಬಿದ್ದಿತ್ತು. ರತ್ನದ ತುರಾಯಿ ಸಿಕ್ಕಿಸಿದ ಪೇಟದ ಕೆಳಗೆ ಮುಖ ಚಿಕ್ಕದಾಗಿ ಕಾಣುತ್ತಿತ್ತು. ಮಾತೂ ಅಷ್ಟಾಗಿ ಆಡಲಿಲ್ಲ.

ಬಿಹಿ ಹಣ್ಣು ಹಾಕಿ ಬೇಯಿಸಿದ ಕುರಿಮಾಂಸ, ಕೇಸರಿ ಬೆರೆಸಿದ ಅನ್ನ, ಪುದೀನದ ಶರಬತ್ತು ಬಂದವು. ರುಚಿ ನೋಡುವವನು ಒಂದು ತುತ್ತು ತಿಂದು, ಖಾತ್ರಿಗೆಂದು ಇನ್ನೊಂದು ತಿಂದು, ಮೂರನೆಯದಕ್ಕೆ ಕೈ ಚಾಚಿದ. ಸಕೀನೆ ಸೌಟಿನಿಂದ ಅವನ ಕೈಗೆ ಹೊಡೆದು, "ಸತ್ತಿಲ್ಲ ತಾನೆ? ಹೋಗು ಆ ಕಡೆ," ಎಂದಳು. ಹೂಶಂಗ್ ತಟ್ಟೆ ಬರಿದಾಗುವವರೆಗೆ ತಲೆಯೆತ್ತದೆ ಉಂಡ.

"ಅತ್ತಿಗೆ, ನಿಮ್ಮ ಕೈಗೆ ನೋವು ಬಾರದಿರಲಿ," ಎಂದು ಮರ್ಯಾದೆಯ ಮಾತು ಹೇಳಿ, ಹಿಪ್ಪುನೇರಳೆಯ ಬುಡದಲ್ಲಿ ಹಾಸಿದ ಕಂಬಳಿಯ ಮೇಲೆ ಒರಗಿದ. ಒರಗಿದವನು ನಿದ್ದೆ ಹೋದ. ಬಾಯಿ ತೆರೆದು, ಗೊರಕೆ ಹೊಡೆದು, ಕೂಲಿಯವನ ನಿದ್ದೆ.

ದಳವಾಯಿ ಬೆರಗಾಗಿ ನೋಡಿದ. "ಅರಮನೇಲಿ ಜೀವಭಯಕ್ಕೆ ಕೋಣೆಯಿಂದ ಕೋಣೆಗೆ ಹಾಸಿಗೆ ಬದಲಾಯಿಸ್ತಾರೆ ಖಾನಂ. ಇಂಥ ನಿದ್ದೆ ನಾನು ನೋಡೇ ಇಲ್ಲ," ಎಂದು ಪಿಸುಗುಟ್ಟಿದ.

ಬಿಸಿಲು ಓರೆಯಾದಾಗ ಹೂಶಂಗ್ ಎದ್ದ. ಎಲ್ಲಿದ್ದೇನೆಂದು ತಿಳಿಯದವನಂತೆ ಸುತ್ತ ನೋಡಿದ. ಕೊಂಬೆಯಲ್ಲಿ ಹಳದಿ ಹಣ್ಣು, ಕೊಳದಲ್ಲಿ ಹಳದಿ ಹಣ್ಣು. ಅವನ ಮುಖದ ಗಂಟು ಬಿಚ್ಚುವುದನ್ನು ಗುಲಂದಾಮ್ ಕಂಡಳು. ಕಂಡು ಒಳಗೇ ದೇವರ ಹೆಸರು ಹೇಳಿಕೊಂಡಳು.

"ಅಣ್ಣಾ," ಎಂದ ಹೂಶಂಗ್, "ಎಂಥಾ ತೋಟ ಇದು."

ಗುಲಂದಾಮ್ ಗಂಡನ ಕಡೆ ಕಣ್ಣು ಕೆಕ್ಕರಿಸಿದಳು. ಅವನು ತುಟಿ ಬಿಗಿದಿದ್ದ. ಗಂಟಲಮಣಿ ಮೇಲೆ ಹೋಯಿತು, ಕೆಳಗೆ ಬಂತು. ನಲವತ್ತು ತಲೆಮಾರಿನ ಮರ್ಯಾದೆ ಆ ಗಂಟಲಲ್ಲಿ ಒದ್ದಾಡುತ್ತಿತ್ತು. ಕಡೆಗೆ ಕೈ ತಾನಾಗಿ ಎದೆಗೆ ಹೋಯಿತು.

"ಪೇಶ್‌ಕಶ್, ತಮ್ಮಾ. ನಿನ್ನದೇ."

ಗುಲಂದಾಮ್ ಕಣ್ಣು ಮುಚ್ಚಿಕೊಂಡಳು. ಗೋಡೆಯಾಚೆ ಕಿವಿಗೊಟ್ಟು ನಿಂತಿದ್ದ ಊರವರ ಕೆಮ್ಮೂ ನಿಂತಿತು.

"ಇಲ್ಲಣ್ಣ," ಎಂಬ ಧ್ವನಿ ಬಂತು. "ಒಡೆಯರ ಹತ್ತಿರವೇ ಚೆಂದ."

ಕೇವಾನ್ ಎರಡನೆಯ ಸಲ ಹೇಳಿದ, ಹೂಶಂಗ್ ಬೇಡವೆಂದ. ಮೂರನೆಯ ಸಲ ಹೇಳಿದ, ಮೂರನೆಯ ಸಲವೂ ಬೇಡವೆಂದ. ಗುಲಂದಾಮ್ ಕಣ್ಣು ತೆರೆದಳು. ತೋಟ ಇತ್ತು. ಹೊಸದಾಗಿ ಯಾರೋ ತಂದಿಟ್ಟ ಹಾಗೆ ಇತ್ತು.

ಅಲ್ಲಿಗೇ ಮುಗಿಯಬೇಕಿತ್ತು. ಆದರೆ ಅತಿಥಿ ಹೊಗಳಿದ ಮೇಲೆ ಆತಿಥೇಯ ಸುಮ್ಮನಿದ್ದರೆ ಚೆನ್ನಾಗಿರುವುದಿಲ್ಲ. ಕೇವಾನ್ ತಮ್ಮನ ಮೈಮೇಲೆ ಹೊಗಳಲು ಏನಿದೆಯೆಂದು ಹುಡುಕಿ, "ನಿನ್ನ ತುರಾಯಿ ಎಷ್ಟು ಚೆನ್ನಾಗಿ ಹೊಳೀತಿದೆ!" ಎಂದುಬಿಟ್ಟ.

ಹೂಶಂಗ್ ಪೇಟವನ್ನು ತಲೆಯಿಂದ ತೆಗೆದ. ತುರಾಯಿಯ ಸಮೇತ ಎರಡೂ ಕೈಯಲ್ಲಿ ಹಿಡಿದು ಚಾಚಿದ. "ಪೇಶ್‌ಕಶ್, ಅಣ್ಣಾ."

ಎಲ್ಲರೂ ನಕ್ಕರು. ಕೇವಾನ್ ಪದ್ಧತಿಯಂತೆ ಬೇಡವೆಂದ. ಎರಡನೆಯ ಸಲ ಬೇಡವೆಂದ, ಮೂರನೆಯ ಸಲವೂ. ಹೂಶಂಗ್ ಕೈ ಹಿಂದೆಗೆಯಲಿಲ್ಲ.

"ತಗೋ ಅಣ್ಣಾ. ನಿಜವಾಗ್ಲೂ ತಗೋ. ರಾಜ್ಯದ ಸಮೇತ ತಗೋ. ನಾನು ಇಲ್ಲೇ ಇದ್ದುಬಿಡ್ತೀನಿ."

ನಾಲ್ಕನೆಯ ಸಲದ್ದು ಉಪಚಾರವಲ್ಲ ಎಂಬುದು ಆ ನಾಡಿನ ತೊಟ್ಟಿಲ ಕೂಸಿಗೂ ಗೊತ್ತು. ದಳವಾಯಿಯ ಕೈ ಕತ್ತಿಯ ಹಿಡಿಗೆ ಹೋಯಿತು. ಯಾರ ಪರವಾಗಿ ಎಳೆಯಬೇಕೆಂದು ಮಾತ್ರ ಅದಕ್ಕೆ ತಿಳಿಯಲಿಲ್ಲ.

ಇಸ್ಫಹಾನಿನ ಕಂಬಸಾಲು, ಕನ್ನಡಿ ಚೂರುಗಳ ಗೋಡೆ, ತನ್ನನ್ನು ನೋಡಿ ಬಾಯಿಗೆ ಬಟ್ಟೆಯಿಟ್ಟು ನಕ್ಕಿದ್ದ ನೆಂಟರ ಹೆಂಗಸರು, ಅವರೆಲ್ಲ ಈಗ ಬಾಗಿ ನಿಲ್ಲುವ ಬಗೆ, ಇಷ್ಟೂ ಒಂದು ರೆಪ್ಪೆ ಬಡಿತದಲ್ಲಿ ಗುಲಂದಾಮಳ ಕಣ್ಣಮುಂದೆ ಬಂದವು. ಬೇಕೆಂದರೆ ಕೈಗೆಟಕುವಷ್ಟು ಹತ್ತಿರ ಬಂದವು. ಮರುಗಳಿಗೆಯೇ, ನಾಳೆ ಬಿಹಿ ಹಣ್ಣು ಇಳಿಸದಿದ್ದರೆ ಹಕ್ಕಿ ಪಾಲಾಗುತ್ತವೆ ಎಂಬ ಯೋಚನೆ ಬಂತು. ಅವಳಿಗೇ ಆಶ್ಚರ್ಯವಾಯಿತು: ಎರಡರಲ್ಲಿ ಹಣ್ಣಿನ ಯೋಚನೆಯೇ ದೊಡ್ಡದಾಗಿತ್ತು.

ಕೇವಾನ್ ಹೆಂಡತಿಯ ಮುಖ ನೋಡುತ್ತಿದ್ದ. ಒಪ್ಪಿದರೆ ತೋಟ ಹೋಗುತ್ತದೆ. ಒಪ್ಪದಿದ್ದರೆ, ನಾಲ್ಕನೆಯ ಸಲ ಕೊಟ್ಟವನ ಮುಖಕ್ಕೆ ಬಾಗಿಲು ಹಾಕಿದಂತೆ. ಅಂಥ ಮಾತು ಅವನ ಬಾಯಿಂದ ಈ ಜನ್ಮದಲ್ಲಿ ಬರುವುದಲ್ಲ.

"ತಗೊಳ್ಳಿ," ಎಂದಳು ಗುಲಂದಾಮ್.

"ಏನಂದೆ?"

"ಅತಿಥಿಗೆ ಅವಮಾನ ಮಾಡ್ತೀರಾ? ತಗೊಂಡು ತಲೆಗಿಟ್ಕೊಳ್ಳಿ."

ಕೇವಾನ್ ಕುರಿಯುಣ್ಣೆಯ ಟೊಪ್ಪಿ ತೆಗೆಯುವುದನ್ನೂ ಮರೆತು, ಅದರ ಮೇಲೆಯೇ ಪೇಟ ಇಟ್ಟುಕೊಂಡ. ಅದು ಒಂದು ಕಡೆ ವಾಲಿತು. ಇಡೀ ಇರಾನ್ ಆ ಗಳಿಗೆ ಮಣ್ಣು ಮೆತ್ತಿದ ಕಾಲಿನ ಒಬ್ಬ ತೋಟಗಾರನದಾಗಿತ್ತು. ದಳವಾಯಿ ಅರ್ಧ ಬಾಗಿ ಅರ್ಧ ನಿಂತ.

ಗುಲಂದಾಮ್ ಮೈದುನನ ಕಡೆ ತಿರುಗಿದಳು. "ಹೇಳಿ ಹೂಶಂಗ್ ಮಿರ್ಜಾ, ನಿಮ್ಮಣ್ಣ ಹೇಗೆ ಕಾಣ್ತಾರೆ?"

"ಬಹಳ ಚೆನ್ನಾಗಿ ಒಪ್ಪುತ್ತೆ, ಅತ್ತಿಗೆ," ಎಂದ ಹೂಶಂಗ್. ಮರ್ಯಾದಸ್ಥರು ಇನ್ನೇನು ಹೇಳುತ್ತಾರೆ?

ಅವನ ಮಾತು ಮುಗಿಯುವ ಮೊದಲೇ ಕೇವಾನನ ಕೈ ಎದೆಗೆ ಹೋಗಿತ್ತು. "ಪೇಶ್‌ಕಶ್, ತಮ್ಮಾ!" ಎಂದು ಪೇಟವನ್ನು ತೆಗೆದು ಅವನ ಮಡಿಲಲ್ಲಿಟ್ಟ. ಇಟ್ಟ ಮೇಲೆಯೇ ಏನಾಯಿತೆಂದು ಅವನಿಗೂ ಹೊಳೆದದ್ದು.

ಹೂಶಂಗ್ ಬೇಡವೆಂದ. ಬೇಡವೇ ಬೇಡವೆಂದ. ಅಣ್ಣನ ಕಾಲು ಮುಟ್ಟಿ ಬೇಡವೆಂದ. ಕೇವಾನ್ ಅದನ್ನು ಮಡಿಲಿಗೇ ಒತ್ತಿ, "ನಿಜವಾಗ್ಲೂ ತಗೋ," ಎಂದ.

"ನಾಲ್ಕನೇ ಸಲ ಹುಜೂರ್!" ಎಂದು ಗೋಡೆಯಾಚೆಯಿಂದ ನಜಫ್‌ಕುಲಿ ತಡೆಯಲಾರದೆ ಕೂಗಿದ. "ಬೇಡ ಅಂದ್ರೆ ಅವಮಾನ!"

ಹೂಶಂಗ್ ಅತ್ತಿಗೆಯನ್ನು ನೋಡಿದ, ಮಡಿಲಿನ ಪೇಟ ನೋಡಿದ, ಗೋಡೆ ನೋಡಿದ. ಅವನ ಹೊಟ್ಟೆಯೊಳಗೆಲ್ಲೋ ಒಂದು ನಗು ಹುಟ್ಟಿ, ದಾರಿ ಮರೆತವರ ಹಾಗೆ ತಡವರಿಸಿ, ಕಡೆಗೆ ಬಾಯಿಗೆ ಬಂತು. ಬಂದದ್ದು ನಿಲ್ಲಲಿಲ್ಲ. ಅಣ್ಣನ ಹೆಗಲ ಮೇಲೆ ತಲೆಯಿಟ್ಟು ನಕ್ಕ. ದಳವಾಯಿ ಕತ್ತಿಯ ಹಿಡಿ ಬಿಟ್ಟು ಮುಖದ ಬೆವರು ಒರೆಸಿಕೊಂಡ.

ಹೊರಡುವಾಗ ಗುಲಂದಾಮ್ ಹಣ್ಣಿನ ಬುಟ್ಟಿ ಹಿಡಿದು ಕುದುರೆಯ ಬಳಿ ಬಂದಳು.

"ಪ್ರತಿ ಶರತ್ಕಾಲಕ್ಕೂ ಬಂದು ಮಲಗಿ ಹೋಗಿ. ಮರದ ಬುಡ ನಿಮಗಾಗೇ ಗುಡಿಸಿಡ್ತೀನಿ. ಇದು ಉಪಚಾರ ಅಲ್ಲ."

"ಬರ್ತೀನಿ ಅತ್ತಿಗೆ. ಇದೂ ಉಪಚಾರ ಅಲ್ಲ."

ಅವಳು ಲಗಾಮು ಬಿಡಲಿಲ್ಲ. "ಒಂದು ಕೇಳ್ತೀನಿ, ಸತ್ಯ ಹೇಳಿ. ಅವತ್ತು ದರ್ಬಾರಿನಲ್ಲಿ ಅದು ಬರೀ ಬಾಯಿಮಾತು ಅಂತ ನಿಮಗೆ ಗೊತ್ತಿತ್ತಾ?"

ಹೂಶಂಗ್ ಕುದುರೆಯ ಜೂಲು ನೇವರಿಸಿದ. "ಕೂತಾಗ ಗೊತ್ತಿರಲಿಲ್ಲ. ನಮ್ಮ ಡೇರೆಗಳಲ್ಲಿ ಕೊಟ್ಟೆ ಅಂದ್ರೆ ಕೊಟ್ಟ ಹಾಗೇ. ಎಲ್ಲರೂ ನಕ್ಕಾಗ ಗೊತ್ತಾಯ್ತು."

"ಗೊತ್ತಾದ ಮೇಲೆ ಏಳಬಾರದಿತ್ತಾ?"

"ಅಷ್ಟು ಜನ ನಗ್ತಾ ಇರೋವಾಗ ಏಳೋಕೆ ನಾಚಿಕೆಯಾಯ್ತು, ಅತ್ತಿಗೆ. ಆ ನಾಚಿಕೆಗೇ ಇಷ್ಟು ವರ್ಷ ರಾಜ್ಯ ಆಳಿದೀನಿ."

ಅವಳು ಲಗಾಮು ಬಿಟ್ಟಳು.

ಕುದುರೆಗಳ ಧೂಳು ತಿರುವಿನಲ್ಲಿ ಮರೆಯಾಗುವವರೆಗೆ ಗಂಡಹೆಂಡತಿ ಬಾಗಿಲಲ್ಲಿ ನಿಂತರು. ಒಳಗೆ ಬರುವಾಗ ಗುಲಂದಾಮ್, "ಅವನಿಗೆ ನಿಜವಾಗ್ಲೂ ಗೊತ್ತಿರಲಿಲ್ವಂತೆ," ಎಂದಳು.

"ನಾನು ಮೊದಲಿಂದ ಹೇಳ್ತಿರಲಿಲ್ವಾ?"

ಹೌದು, ಹೇಳುತ್ತಿದ್ದ. ಗುಲಂದಾಮಳಿಗೆ ತಾನು ಇಷ್ಟು ವರ್ಷ ಹಿಡಿದು ಜಗ್ಗುತ್ತಿದ್ದ ಹಗ್ಗದ ಆಚೆ ತುದಿ ಯಾರೋ ಬಿಟ್ಟುಬಿಟ್ಟ ಹಾಗಿತ್ತು. ಬಿಹಿ ಸಾಲಿನ ಹತ್ತಿರ ಹೋಗಿ ಒಂದು ಹಣ್ಣು ಒತ್ತಿ ನೋಡಿದಳು.

"ಏನೇ ಹೇಳಿ, ಪೇಟ ನಿಮಗೆ ಒಪ್ತಿರಲಿಲ್ಲ. ಸೊಟ್ಟಗಿತ್ತು," ಎಂದಳು. "ಪಾಪ, ಅವನು ಸಂಕೋಚಕ್ಕೆ ಹೊಗಳಿದ. ಹೋಗಿ, ಏಣಿ ತನ್ನಿ. ಕತ್ತಲಾಗೋದರೊಳಗೆ ಈ ಸಾಲಾದ್ರೂ ಇಳಿಸೋಣ."

ಅವನು ಏಣಿ ತರಲು ಹೋದ.